ದೊಡ್ಡ ಮನೆಯಿಂದ ಚಿಕ್ಕ ಮನೆಗೆ: ಬೆಳಗಾವಿ-ಖಾನಾಪುರದ ಹಿರಿಯರ ವಾಸದ ಚರಿತ್ರೆ

ಬೆಳಗಾವಿಯ ಚರಿತ್ರೆ ಬರೆದವರು ಕೋಟೆಯ ಬಗ್ಗೆ ಧಾರಾಳವಾಗಿ ಬರೆದಿದ್ದಾರೆ. 1204ರ ಕಮಲ ಬಸದಿ, 1472ರಲ್ಲಿ ಬಹಮನಿ ವಜೀರ ಮಹಮೂದ್ ಗವಾನ್ ಹಾಕಿದ ಮುತ್ತಿಗೆ, 1818ರಲ್ಲಿ ಇಂಗ್ಲಿಷರ ಕೈಸೇರಿದ ಬುರುಜುಗಳು, 1924ರ ಕಾಂಗ್ರೆಸ್ ಅಧಿವೇಶನ ಇವೆಲ್ಲವೂ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಕೋಟೆಯ ಹೊರಗೆ ಗಲ್ಲಿಗಲ್ಲಿಗಳಲ್ಲಿ ಎದ್ದು ನಿಂತ ಮನೆಗಳಿಗೂ ಒಂದು ಚರಿತ್ರೆಯಿದೆ. ಆ ಮನೆಗಳನ್ನು ಕಟ್ಟಿದವರಿಗೆ ವಯಸ್ಸಾದ ಮೇಲೆ ಅವುಗಳೊಳಗೆ ಎಷ್ಟು ಜಾಗ ಉಳಿಯಿತು, ಯಾವ ಹಕ್ಕಿನಿಂದ ಉಳಿಯಿತು ಎಂಬ ಪ್ರಶ್ನೆಯನ್ನು ನಾವು ಚರಿತ್ರೆಯೆಂದು ಪರಿಗಣಿಸಿಯೇ ಇಲ್ಲ. ಅದು ಮನೆಯೊಳಗಿನ ಮಾತು, ಹೊರಗೆ ಆಡಬಾರದ್ದು ಎಂದುಕೊಂಡೆವು.

ಈಗ ಆ ಮಾತು ಹೊರಗೆ ಬಂದಿದೆ. ಖಡೇಬಜಾರ, ದರಬಾರ ಗಲ್ಲಿ, ಖಂಜರ ಗಲ್ಲಿಯ ಹಳೆಯ ಮನೆಗಳು ಒಂದೊಂದಾಗಿ ಮಾರಾಟವಾಗುತ್ತಿವೆ. ಖಾನಾಪುರ, ನಂದಗಡದ ಕಡೆ ಹತ್ತಾರು ಕಂಬಗಳ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೇ ಉಳಿದಿರುತ್ತಾರೆ. ಒಬ್ಬ ಮಗ ಗೋವೆಯಲ್ಲಿ, ಇನ್ನೊಬ್ಬ ಪುಣೆಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ. "ಇಷ್ಟ ದೊಡ್ಡ ಮನಿ ಇಬ್ರಿಗೆ ಯಾಕ ಬೇಕ್ರೀ?" ಎಂದು ಬಂದವರೆಲ್ಲ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೂ ಇಲ್ಲ. ಮೊಣಕಾಲು ನೋವಿನ ವಯಸ್ಸಿನಲ್ಲಿ ಮಾಳಿಗೆ ಹತ್ತಿ ಇಳಿಯುವುದು, ಹಿತ್ತಲಿನ ಬಾವಿಯಿಂದ ನೀರು ಸೇದುವುದು, ವರ್ಷಕ್ಕೊಮ್ಮೆ ಹಂಚು ಸರಿಪಡಿಸುವವರನ್ನು ಹುಡುಕುವುದು ಯಾರಿಗೂ ಸುಖವಲ್ಲ. ಆಸ್ಪತ್ರೆಗೆ ಹತ್ತಿರ ಎರಡು ಕೋಣೆಯ ಫ್ಲ್ಯಾಟು ಕೊಂಡು ಬೆಳಗಾವಿಗೆ ಬಂದವರು ಅನೇಕರು ನೆಮ್ಮದಿಯಾಗಿಯೇ ಇದ್ದಾರೆ. ಹಳೆಯ ಮನೆ ಹೋಯಿತಲ್ಲ ಎಂದು ಸುಮ್ಮನೆ ಕಣ್ಣೀರು ಹಾಕುವ ಉದ್ದೇಶ ನಮಗಿಲ್ಲ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ದೊಡ್ಡ ಮನೆ ಮಾರಿದ ದುಡ್ಡು ಯಾರ ಖಾತೆಗೆ ಹೋಯಿತು? ಚಿಕ್ಕ ಮನೆ ಯಾರ ಹೆಸರಿನಲ್ಲಿದೆ? ಅದರ ಬೀಗದ ಕೈ ಯಾರ ಬಳಿಯಿದೆ?

ಈ ಪ್ರಶ್ನೆ ಇಂದಿನದಲ್ಲ. ಬೆಳಗಾವಿಯಲ್ಲಿ ವೃದ್ಧಾಪ್ಯ ಕಳೆದವರಲ್ಲಿ ಚರಿತ್ರೆಗೆ ಚೆನ್ನಾಗಿ ಪರಿಚಿತನಾದವನು ಅಸದ್ ಖಾನ್ ಲಾರಿ. ಇರಾನಿನ ಲಾರ್ ಪ್ರದೇಶದಿಂದ ಬಂದು, ಇಸ್ಮಾಯಿಲ್ ಆದಿಲ್‌ಶಾಹನ ಕಾಲದಲ್ಲಿ ಬಿಜಾಪುರದ ದರಬಾರಿನ ಅತಿ ದೊಡ್ಡ ಸರದಾರನಾದವನು. ಬೆಳಗಾವಿ ಅವನ ಜಾಗೀರು. 1534ರಲ್ಲಿ ಇಬ್ರಾಹಿಂ ಆದಿಲ್‌ಶಾಹ ಪಟ್ಟಕ್ಕೆ ಬಂದ ನಂತರ ಇರಾನಿ ಸರದಾರರ ಮೇಲೆ ಅನುಮಾನದ ಕಣ್ಣು ಬಿತ್ತು. ದರಬಾರಿನ ಚಾಡಿ, ಸುಲ್ತಾನನ ಸಂಶಯ, ಗೋವೆಯ ಪೋರ್ಚುಗೀಸರ ತಂತ್ರ ಇವುಗಳ ನಡುವೆ ಅಸದ್ ಖಾನ್ ರಾಜಧಾನಿಯಿಂದ ದೂರ ಸರಿದು ಬೆಳಗಾವಿಯಲ್ಲಿಯೇ ಹೆಚ್ಚಾಗಿ ಉಳಿದ. ಕೋಟೆಯೊಳಗಿನ ಸಫಾ ಮಸೀದಿಯೊಂದಿಗೆ ಅವನ ಹೆಸರು ಸೇರಿಕೊಂಡಿದೆ. ಅವನ ಸಿರಿವಂತಿಕೆಯನ್ನು, ದಿನದಿನವೂ ಅವನ ಅಡುಗೆಮನೆಯಲ್ಲಿ ಬೇಯುತ್ತಿದ್ದ ಅಕ್ಕಿ-ಮಾಂಸದ ರಾಶಿಯನ್ನು ಚರಿತ್ರೆಕಾರ ಫಿರಿಶ್ತಾ ಬೆರಗಿನಿಂದ ದಾಖಲಿಸಿದ್ದಾನೆ.

1549ರಲ್ಲಿ ಅಸದ್ ಖಾನ್ ಹಾಸಿಗೆ ಹಿಡಿದಾಗ ಸುಲ್ತಾನನೇ ನೋಡಲು ಹೊರಟ. ಅವನು ತಲುಪುವ ಮೊದಲೇ ಮುದುಕ ತೀರಿಕೊಂಡಿದ್ದ. ಸುಲ್ತಾನ ಮನೆಯವರಿಗೆ ಸಾಂತ್ವನ ಹೇಳಿದ, ಆಸ್ತಿ-ಭಂಡಾರವನ್ನು ಮಾತ್ರ ತನ್ನ ವಶಕ್ಕೆ ತೆಗೆದುಕೊಂಡ ಎಂದು ಫಿರಿಶ್ತಾ ಬರೆಯುತ್ತಾನೆ. ಆ ಕಾಲದ ಸರದಾರನ ಸಂಪತ್ತು ಅವನದ್ದಾಗಿರಲಿಲ್ಲ, ದೊರೆ ಕೊಟ್ಟದ್ದು ದೊರೆಗೇ ಮರಳಬೇಕು ಎಂಬುದು ರೂಢಿ. ಶರೀಅತ್ ವಾರಸುದಾರರಿಗೆ ಗೊತ್ತುಪಡಿಸಿದ ಪಾಲು ಆ ರೂಢಿಯ ಮುಂದೆ ನಿಲ್ಲಲಿಲ್ಲ. ಕ್ಯಾಂಪ್ ಭಾಗದಲ್ಲಿರುವ ಅಸದ್ ಖಾನನ ದರ್ಗಾಕ್ಕೆ ಇಂದಿಗೂ ಎಲ್ಲ ಜಾತಿಮತದ ಜನ ಹೋಗುತ್ತಾರೆ. ಅವನ ಹವೇಲಿ ಎಲ್ಲಿತ್ತು ಎಂದು ಕೇಳಿದರೆ ತೋರಿಸುವವರು ಸಿಗಲಾರರು.

ಸರದಾರರ ಮಾತು ಬಿಡೋಣ. ಸಾಮಾನ್ಯರ ಮನೆ ಹೇಗಿತ್ತು?

ಚಿರೇಕಲ್ಲು, ಸಾಗವಾನಿ, ಹಂಚು

ಬೆಳಗಾವಿಯ ಹಳೆಯ ಮನೆ ಅರ್ಧಕ್ಕರ್ಧ ಖಾನಾಪುರದ ಕೊಡುಗೆ. ಸಹ್ಯಾದ್ರಿಯ ಮಡಿಲಲ್ಲಿರುವ ಈ ತಾಲೂಕಿನ ಕಾಡಿನಿಂದ ಸಾಗವಾನಿ, ಮತ್ತಿಯ ತೊಲೆಗಳು ಬಂದವು. ಮಲಪ್ರಭೆಯ ಆಸುಪಾಸಿನ ಜೇಡಿಮಣ್ಣಿನಿಂದ ಇಟ್ಟಿಗೆ, ಹಂಚು ಬಂದವು. ಖಾನಾಪುರದ ಮಣ್ಣಿನ ಹೆಸರು ಎಷ್ಟೆಂದರೆ ಸ್ವಾತಂತ್ರ್ಯದ ನಂತರ ಖಾದಿ ಗ್ರಾಮೋದ್ಯೋಗದವರು ಕುಂಬಾರಿಕೆಯ ಕೇಂದ್ರೀಯ ತರಬೇತಿ ಸಂಸ್ಥೆಯನ್ನು ಅಲ್ಲಿಯೇ ನಡೆಸಿದರು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಚಪ್ಪಟೆ ಹಂಚು ಎಲ್ಲೆಡೆ ಹಬ್ಬಿತು. 1880ರ ದಶಕದ ಕೊನೆಗೆ ಲೋಂಡಾ ದಾರಿಯಾಗಿ ಬೆಳಗಾವಿಗೆ ರೈಲು ಬಂದದ್ದು ಮರ, ಹಂಚು ಎರಡರ ಸಾಗಣೆಗೂ ಅನುಕೂಲವಾಯಿತು. ಅದಕ್ಕೆ ಮೊದಲು ಇದ್ದದ್ದು ಅರ್ಧವೃತ್ತದ ನಾಡಹಂಚು. ಮಿರಗದ ಮಳೆ ಬೀಳುವ ಮುಂಚೆ ವರ್ಷವರ್ಷವೂ ಅವುಗಳನ್ನು ಕೆಳಗಿಳಿಸಿ, ಒಡೆದದ್ದನ್ನು ಬದಲಿಸಿ, ಮತ್ತೆ ಹೊದಿಸಬೇಕು. ಹತ್ತು ಕೈ ಇರುವ ಮನೆಗೆ ಅದು ಒಂದು ದಿನದ ಹಬ್ಬದಂಥ ಕೆಲಸ. ಇಬ್ಬರು ಮುದುಕರಿಗೆ ಅದು ಬೇಸಿಗೆಯಿಡೀ ಕೊರೆಯುವ ಚಿಂತೆ. ಮನೆ ದೊಡ್ಡದು ಎಂಬುದಕ್ಕಿಂತ ಆ ಮನೆ ಬೇಡುತ್ತಿದ್ದ ಕೈಗಳ ಸಂಖ್ಯೆ ದೊಡ್ಡದು ಎಂಬುದನ್ನು ನಾವು ಮರೆಯುತ್ತೇವೆ.

ಇಂಥ ಮನೆಯಲ್ಲಿ ಹಿಂದೂ-ಮುಸ್ಲಿಮ್ ಎಂಬ ವ್ಯತ್ಯಾಸ ಗೋಡೆಯಲ್ಲಿರಲಿಲ್ಲ. ಅದೇ ಚಿರೇಕಲ್ಲು, ಅದೇ ಕಟ್ಟೆ, ಅದೇ ಪಡಸಾಲೆ. ಮುಸ್ಲಿಮರ ಮನೆಯಲ್ಲಿ ಗಂಡಸರು ಕೂರುವ ಬೈಠಕ್ ಮುಂದೆ, ಹೆಂಗಸರ ಅಂಗಳ ಒಳಗೆ, ನಡುವೆ ಒಂದು ಪರದೆ. ಮುದುಕರಾದವರು ಚಿಕ್ಕ ಮನೆಗೆ ಹೋಗುತ್ತಿರಲಿಲ್ಲ, ಅದೇ ದೊಡ್ಡ ಮನೆಯೊಳಗೆ ಚಿಕ್ಕ ಜಾಗಕ್ಕೆ ಸರಿಯುತ್ತಿದ್ದರು. ಮೊದಲ ಮಗನ ಮದುವೆಯಾದಾಗ ನಡುಕೋಣೆ ಬಿಟ್ಟುಕೊಟ್ಟರು. ಎರಡನೆಯವನ ಮದುವೆಗೆ ಮಾಳಿಗೆಯನ್ನು ಬಿಟ್ಟರು. ಕೊನೆಗೆ ದಾದಾನ ಮಂಚ ಪಡಸಾಲೆಗೆ, ದಾದಿಯ ಹಾಸಿಗೆ ಅಡುಗೆಮನೆಯ ಪಕ್ಕದ ಉಗ್ರಾಣಕ್ಕೆ ಬಂದು ನಿಲ್ಲುತ್ತಿತ್ತು. ಹೀಗೆ ಕೂಡುಕುಟುಂಬದಲ್ಲಿಯೂ ಹಿರಿಯರ ಜಾಗ ಕುಗ್ಗುತ್ತಲೇ ಬಂದದ್ದು ನಿಜ. 'ಹಿಂದಿನ ಕಾಲದಲ್ಲಿ ಹಿರಿಯರು ಅರಸರಂತೆ ಇದ್ದರು' ಎನ್ನುವವರು ದಾದಿಯ ಉಗ್ರಾಣವನ್ನು ಒಮ್ಮೆ ನೆನೆಯಬೇಕು. ಆದರೆ ಮನೆ ಯಾರದ್ದು ಎಂಬ ಬಗ್ಗೆ ಗೊಂದಲವಿರಲಿಲ್ಲ. ದಾದಾ ಇರುವವರೆಗೆ ಅದು ದಾದಾನ ಮನೆ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ವರ್ಷಗಳಲ್ಲಿ ಬೆಳಗಾವಿ ಜಿಲ್ಲೆಯನ್ನೂ ಬಾಧಿಸಿತು. ಜನ ಮನೆಗೆ ಬೀಗ ಹಾಕಿ ಊರ ಹೊರಗಿನ ಹೊಲಗಳಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡರು. ಒಂದೇ ಕೋಣೆಯಲ್ಲಿ ಇಡೀ ಕುಟುಂಬ ತಿಂಗಳುಗಟ್ಟಲೆ ಇರಬಹುದು ಎಂದು ಗೊತ್ತಾಯಿತು. ಗಲ್ಲಿಗಳ ಇಕ್ಕಟ್ಟಿನಿಂದ ಹೊರಗೆ ಹೊಸ ಬಡಾವಣೆಗಳು ಬೇಕು ಎಂಬ ಯೋಚನೆಗೂ ಮುಂಬಯಿ ಪ್ರಾಂತದ ಎಷ್ಟೋ ಊರುಗಳಲ್ಲಿ ಪ್ಲೇಗೇ ಕಾರಣ.

ಮುಂಬಯಿ ಹೈಕೋರ್ಟಿನಲ್ಲಿ ಒಂದು ಮನೆ

1956ರ ನವೆಂಬರ್ 1ರವರೆಗೆ ಬೆಳಗಾವಿ ಮುಂಬಯಿಗೆ ಸೇರಿತ್ತು. ಆದ್ದರಿಂದ ಇಲ್ಲಿಯ ಮುಸ್ಲಿಮರ ಮನೆಯ ವ್ಯಾಜ್ಯಗಳಿಗೆ ದಾರಿ ತೋರಿಸಿದ್ದು ಮುಂಬಯಿ ಹೈಕೋರ್ಟಿನ ತೀರ್ಪುಗಳು. ವಯಸ್ಸಾದ ತಂದೆ ಮನೆಯನ್ನು ಮಗನಿಗೋ ಹೆಂಡತಿಗೋ ಕೊಡಬೇಕೆಂದರೆ ಇಸ್ಲಾಮಿ ಕಾನೂನಿನಲ್ಲಿ ಸುಲಭದ ದಾರಿ ಹಿಬಾ, ಅಂದರೆ ದಾನ. ಅದಕ್ಕೆ ಮೂರು ಅಂಗ: ಕೊಡುವವನ ಘೋಷಣೆ, ಪಡೆಯುವವನ ಸಮ್ಮತಿ, ಸ್ವಾಧೀನದ ಹಸ್ತಾಂತರ. ಈ ಮೂರನೆಯದರಲ್ಲಿಯೇ ತೊಡಕು. ಹಸ್ತಾಂತರ ಆಗಬೇಕೆಂದರೆ ಕೊಟ್ಟವನು ಮನೆ ಬಿಟ್ಟು ಹೊರಗೆ ಹೋಗಬೇಕೇ? ಎಪ್ಪತ್ತು ವರ್ಷದ ಮುದುಕ ತನ್ನದೇ ಮನೆಯಿಂದ ಪೆಟ್ಟಿಗೆ-ಹಾಸಿಗೆ ಹೊತ್ತು ಬೀದಿಗೆ ಇಳಿದರಷ್ಟೇ ದಾನ ಸಿಂಧುವೇ?

1864ರ ಅಮೀನಾ ಬೀಬಿ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟು ಗಂಡ-ಹೆಂಡತಿಯ ಮಟ್ಟಿಗೆ ಇದಕ್ಕೆ ಉತ್ತರ ಕೊಟ್ಟಿತು. ಗಂಡ ಹೆಂಡತಿಗೆ ಮನೆ ದಾನ ಮಾಡಿ, ಅವಳೊಂದಿಗೆ ಅಲ್ಲೇ ವಾಸ ಮುಂದುವರಿಸಿದರೂ ದಾನಕ್ಕೆ ಬಾಧೆಯಿಲ್ಲ. 1884ರ ಶೇಖ್ ಇಬ್ರಾಮ್ ವಿರುದ್ಧ ಶೇಖ್ ಸುಲೇಮಾನ್ ಪ್ರಕರಣದಲ್ಲಿ ನ್ಯಾಯಮೂರ್ತಿ ವೆಸ್ಟ್ ಇದನ್ನು ಇನ್ನಷ್ಟು ವಿಸ್ತರಿಸಿದರು. ಕೊಡುವವನೂ ಪಡೆಯುವವನೂ ಒಂದೇ ಮನೆಯಲ್ಲಿದ್ದರೆ, ಕೊಡುವವನು ತನ್ನ ಹಕ್ಕನ್ನು ಬಿಟ್ಟೆನೆಂದು ಸ್ಪಷ್ಟವಾಗಿ ಹೇಳಿದರೆ ಸಾಕು, ಮೈಯನ್ನು ಹೊರಗೆ ಒಯ್ಯಬೇಕಾಗಿಲ್ಲ ಎಂಬುದು ಆ ತೀರ್ಪಿನ ಸಾರ. ಇಂದಿಗೂ ನ್ಯಾಯಾಲಯಗಳು ಈ ತೀರ್ಪನ್ನು ಹೆಸರಿಸುತ್ತವೆ.

ಈ ತೀರ್ಪು ಹಿರಿಯರಿಗೆ ವರವೂ ಆಯಿತು, ಬಲೆಯೂ ಆಯಿತು. ಮನೆ ಬಿಡದೆಯೇ ಮನೆ ಕೊಡಬಹುದು ಎಂದಾಯಿತು. ಆದರೆ ಕೊಟ್ಟ ಮರುದಿನದಿಂದ ಅವರು ಅದೇ ಮಂಚದ ಮೇಲೆ ಮಗನ ಅತಿಥಿಗಳು. ಕೊಟ್ಟದ್ದನ್ನು ಮರಳಿ ಪಡೆಯಬಹುದೇ ಎಂದರೆ ಅದು ನೀವು ಯಾವ ಮದ್‌ಹಬ್‌ನವರು ಎಂಬುದರ ಮೇಲೆ ನಿಂತಿದೆ. ನಮ್ಮ ಭಾಗದ ಹೆಚ್ಚಿನ ಮುಸ್ಲಿಮರು ಹನಫಿಗಳು. ಹನಫಿ ನಿಯಮದಂತೆ, ಮದುವೆ ನಿಷಿದ್ಧವಾದ ರಕ್ತಸಂಬಂಧಿಗೆ, ಅಂದರೆ ಮಗ, ಮಗಳು, ಸೋದರ, ಸೋದರಿಗೆ ಕೊಟ್ಟು ಸ್ವಾಧೀನ ಒಪ್ಪಿಸಿದ ಹಿಬಾವನ್ನು ಹಿಂಪಡೆಯುವಂತಿಲ್ಲ. ಕೊಂಕಣ ಮತ್ತು ಭಟ್ಕಳದ ಕಡೆಯ ಶಾಫಿಗಳಲ್ಲಿ ಇದಕ್ಕೆ ಬಹುತೇಕ ತದ್ವಿರುದ್ಧ. ಅವರಲ್ಲಿ ಕೊಟ್ಟದ್ದನ್ನು ಹಿಂಪಡೆಯುವುದು ಯಾರಿಗೂ ಸಲ್ಲದು, ತಂದೆಗೆ ಮಾತ್ರ ಮಕ್ಕಳಿಗೆ ಕೊಟ್ಟದ್ದನ್ನು ಹಿಂಪಡೆಯುವ ಅವಕಾಶವಿದೆ. ಇದಕ್ಕೆ ಹದೀಸಿನ ಆಧಾರವಿದೆ. ಘಟ್ಟದ ಆಚೆ ಈಚೆಯ ಇಬ್ಬರು ಮುಸ್ಲಿಮ್ ತಂದೆಯರು ಒಂದೇ ಬಗೆಯ ಕಾಗದಕ್ಕೆ ಸಹಿ ಹಾಕಿದರೂ ಅದರ ಫಲ ಬೇರೆಬೇರೆ ಎಂಬುದು ನಮ್ಮ ವಿದ್ಯಾವಂತರಲ್ಲಿಯೂ ಎಷ್ಟೋ ಜನರಿಗೆ ತಿಳಿಯದು.

'ನಾನು ಬದುಕಿರುವವರೆಗೆ ನೀನು ಇಟ್ಟುಕೋ' ಅಥವಾ 'ನೀನು ಬದುಕಿರುವವರೆಗೆ ನಿನಗೆ' ಎಂಬ ಬಗೆಯ ದಾನಕ್ಕೆ ಅರಬಿಯಲ್ಲಿ ಉಮ್ರಾ ಎನ್ನುತ್ತಾರೆ. ಇದು ಮಕ್ಕಾ ಯಾತ್ರೆಯ ಉಮ್ರಾ ಅಲ್ಲ, ಆಯುಷ್ಯಕ್ಕೆ ಸಂಬಂಧಿಸಿದ ಪದ. ಪ್ರವಾದಿವರ್ಯರ(ಸ) ವಚನವನ್ನು ಆಧರಿಸಿ ಹನಫಿ ವಿದ್ವಾಂಸರು ಇಂಥ ದಾನವನ್ನು ಪೂರ್ಣ ದಾನವೆಂದೇ ಎಣಿಸಿದರು. ಶರತ್ತು ಬಿದ್ದುಹೋಗುತ್ತದೆ, ದಾನ ಉಳಿಯುತ್ತದೆ. ಆದರೆ ಮನೆಯ ಒಡೆತನ ಒಂದು, ಅದರ ಬಳಕೆ ಮತ್ತು ಆದಾಯ ಇನ್ನೊಂದು. ಮೊದಲನೆಯದಕ್ಕೆ ಐನ್, ಎರಡನೆಯದಕ್ಕೆ ಮನಾಫಿ ಎಂಬ ಹೆಸರು. 1867ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ನವಾಬ್ ಉಮ್ಜದ್ ಅಲಿ ಖಾನ್ ಪ್ರಕರಣದಲ್ಲಿ, ಒಡೆತನವನ್ನು ಮಗನಿಗೆ ಕೊಟ್ಟು ಅದರ ಆದಾಯವನ್ನು ಜೀವಮಾನದ ಮಟ್ಟಿಗೆ ತಂದೆ ಇಟ್ಟುಕೊಂಡದ್ದನ್ನು ಎತ್ತಿಹಿಡಿಯಿತು. 1948ರ ನವಾಜಿಶ್ ಅಲಿ ಖಾನ್ ಪ್ರಕರಣ ಈ ವ್ಯತ್ಯಾಸವನ್ನು ಇನ್ನೂ ಸ್ಪಷ್ಟಪಡಿಸಿತು. ಲಖನೌದ ನವಾಬರಿಗೆ ಸಿಕ್ಕ ಈ ದಾರಿ ಖಾನಾಪುರದ ರೈತನಿಗೂ ತೆರೆದೇ ಇತ್ತು. ಅವನಿಗೆ ಹೇಳುವವರು ಇರಲಿಲ್ಲ ಅಷ್ಟೆ.

ಇನ್ನೊಂದು ದಾರಿ ವಕ್ಫ್ ಅಲಲ್ ಔಲಾದ್. ಮನೆಯನ್ನು ದೇವರ ಹೆಸರಿನಲ್ಲಿ ಶಾಶ್ವತವಾಗಿ ಕಟ್ಟಿ, ಅದರ ಉಪಯೋಗ ಕುಟುಂಬಕ್ಕೂ ಕೊನೆಗೆ ಬಡವರಿಗೂ ಸಲ್ಲುವಂತೆ ಮಾಡುವುದು. 1894ರ ಅಬುಲ್ ಫತಾ ತೀರ್ಪಿನಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಹೊಡೆದುಹಾಕಿದಾಗ ದೇಶದ ಮುಸ್ಲಿಮರಲ್ಲಿ ದೊಡ್ಡ ಅಸಮಾಧಾನ ಎದ್ದಿತು. ಮೌಲಾನಾ ಶಿಬ್ಲಿ ನುಅಮಾನಿ ಅಭಿಯಾನ ನಡೆಸಿದರು, ಮುಹಮ್ಮದ್ ಅಲಿ ಜಿನ್ನಾ ಮಸೂದೆ ತಂದರು, 1913ರ ಮಾರ್ಚಿನಲ್ಲಿ ಕಾಯಿದೆಯಾಯಿತು. ಆ ಕಾಯಿದೆಯಲ್ಲಿ ಹನಫಿಗಳಿಗೆಂದೇ ಒಂದು ಉಪವಿಧಿಯಿದೆ. ವಕ್ಫ್ ಮಾಡಿದವನು ತನ್ನ ಜೀವಿತಾವಧಿಯ ಪೋಷಣೆಯನ್ನು ಅದೇ ಆಸ್ತಿಯಿಂದ ಪಡೆಯಬಹುದು. ವೃದ್ಧಾಪ್ಯದ ಭದ್ರತೆಗೆ ಇಷ್ಟು ನೇರವಾದ ಏರ್ಪಾಡು ಅಂದಿನ ಬೇರೆ ಕಾನೂನುಗಳಲ್ಲಿ ವಿರಳ. ದುರದೃಷ್ಟವೆಂದರೆ ಹೆಣ್ಣುಮಕ್ಕಳ ಪಾಲು ತಪ್ಪಿಸಲಿಕ್ಕೂ ಇದು ಕೆಲವೆಡೆ ಬಳಕೆಯಾಯಿತು. 2025ರ ವಕ್ಫ್ ತಿದ್ದುಪಡಿಯ ಬಗ್ಗೆ ಸಮುದಾಯದ ತಕರಾರುಗಳು ಬಹಳ, ಅದು ಬೇರೆಯೇ ಚರ್ಚೆ. ಆದರೆ ಈ ಬಗೆಯ ವಕ್ಫ್‌ನಿಂದ ಹೆಣ್ಣು ವಾರಸುದಾರರ ಹಕ್ಕು ತಪ್ಪಬಾರದು ಎಂದು ಅದರಲ್ಲಿ ಬರೆಯುವ ಸಂದರ್ಭ ಏಕೆ ಬಂತು ಎಂದು ನಾವೇ ಕೇಳಿಕೊಳ್ಳಬೇಕಾಗಿದೆ.

ಎಂಟನೇ ಒಂದು ಪಾಲು

ದಾನವೂ ಇಲ್ಲ, ವಕ್ಫೂ ಇಲ್ಲ, ತಂದೆ ಹಾಗೆಯೇ ತೀರಿಕೊಂಡ ಎನ್ನೋಣ. ಅವನ ಹಿಂದೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಕುರ್‌ಆನಿನ ಅನ್ನಿಸಾ ಅಧ್ಯಾಯದ ಲೆಕ್ಕದಂತೆ ಹೆಂಡತಿಗೆ ಎಂಟನೇ ಒಂದು, ಪ್ರತಿ ಮಗಳಿಗೆ ಎಂಟನೇ ಒಂದು, ಪ್ರತಿ ಮಗನಿಗೆ ಎಂಟನೇ ಎರಡು. ಮನೆ 1,600 ಚದರಡಿಯದ್ದಾದರೆ ತಾಯಿಯ ಪಾಲು 200 ಚದರಡಿ. ಒಂದು ಕೋಣೆ, ಬಚ್ಚಲು, ಒಲೆ ಹೂಡುವಷ್ಟು ಜಾಗ. ದೊಡ್ಡ ಮನೆಯಿಂದ ಚಿಕ್ಕ ಮನೆಗೆ ಹೋಗುವುದೆಂದರೆ ನಮ್ಮ ಅಮ್ಮಿಯರಿಗೆ ಬಹಳ ಕಾಲದಿಂದ ಇದೇ ಆಗಿತ್ತು, ಅವರು ಮನೆಯಿಂದ ಕದಲದೇ ಇದ್ದರೂ.

ಲೆಕ್ಕ ಹೀಗಿದ್ದರೂ ಅದು ನಡೆದದ್ದು ಕಡಿಮೆ. 1937ರ ಶರೀಅತ್ ಕಾಯಿದೆ ರೂಢಿಯನ್ನು ಬದಿಗಿರಿಸಿ ಶರೀಅತ್ತನ್ನು ಜಾರಿಗೆ ತಂದಿತು, ಕೃಷಿಭೂಮಿಯನ್ನು ಮಾತ್ರ ಹೊರಗಿಟ್ಟಿತು. ಮನೆಯ ಮಟ್ಟಿಗೆ ಹೆಣ್ಣುಮಕ್ಕಳ ಹಕ್ಕು ಖಚಿತವಾಯಿತು. ಆದರೆ ಮನೆ ಮಾರುವ ದಿನ ಉಪನೋಂದಣಿ ಕಚೇರಿಯಲ್ಲಿ ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿ ನಿಲ್ಲಲಿಲ್ಲ. ಬದಲಿಗೆ ಒಂದು ಸೀರೆ, ಒಂದು ಹೊತ್ತಿನ ಬಿರಿಯಾನಿ, 'ತವರು ಮನೆ ಬಾಗಿಲು ಯಾವಾಗಲೂ ತೆರೆದಿರುತ್ತದೆ' ಎಂಬ ಮಾತು. ಮನೆಯನ್ನೇ ಮಾರಿದ ಮೇಲೆ ಯಾವ ಬಾಗಿಲು?

ತಾಯಿಗೆ ಇನ್ನೊಂದು ಆಸರೆ ಇತ್ತು. ಕೊಡದೇ ಉಳಿದ ಮಹ್ರ್ ಗಂಡನ ಸಾಲ. ಹಂಚಿಕೆಗೆ ಮೊದಲು ಅದನ್ನು ತೀರಿಸಬೇಕು. ಗಂಡನ ಆಸ್ತಿ ನ್ಯಾಯಬದ್ಧವಾಗಿ ಅವಳ ವಶದಲ್ಲಿದ್ದರೆ, ಮಹ್ರ್ ತೀರುವವರೆಗೆ ಅದನ್ನು ವಾರಸುದಾರರಿಗೆ ಬಿಟ್ಟುಕೊಡಬೇಕಾಗಿಲ್ಲ ಎಂದು 1916ರ ಹಮೀರಾ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಒಪ್ಪಿತು. ಮಹ್ರ್ ದೊಡ್ಡದಾಗಿದ್ದ ಮನೆತನಗಳಲ್ಲಿ ಇದು ವಿಧವೆಯ ಕೈಯಲ್ಲಿದ್ದ ನಿಜವಾದ ಬೀಗದ ಕೈ. ನಮ್ಮಲ್ಲಿ ಮಹ್ರ್ ನಾಮಮಾತ್ರಕ್ಕೆ ಇಳಿದು ವರದಕ್ಷಿಣೆ ದೊಡ್ಡದಾಗುತ್ತ ಬಂದಂತೆ ಆ ಕೈ ತುಕ್ಕು ಹಿಡಿಯಿತು. ಮದುವೆಯ ದಿನ ಮಾಡಿದ ಜಿಪುಣತನದ ಬೆಲೆಯನ್ನು ಹೆಣ್ಣು ನಲವತ್ತು ವರ್ಷಗಳ ನಂತರ ತೆರುತ್ತಾಳೆ.

ಪಾಲುದಾರನೊಬ್ಬ ತನ್ನ ಹಿಸ್ಸೆಯನ್ನು ಹೊರಗಿನವನಿಗೆ ಮಾರಿಬಿಟ್ಟರೆ? 1893ರ ವಿಭಜನಾ ಕಾಯಿದೆಯ 4ನೇ ಕಲಮು ಇಲ್ಲಿ ನೆರವಿಗೆ ಬರುತ್ತದೆ. ಕೊಂಡ ಹೊರಗಿನವನು ಹಂಚಿಕೆಗೆ ದಾವೆ ಹೂಡಿದಾಗ, ಕುಟುಂಬದವರು ನ್ಯಾಯಾಲಯ ನಿಗದಿಪಡಿಸಿದ ಬೆಲೆಗೆ ಆ ಪಾಲನ್ನು ಮರಳಿ ಕೊಳ್ಳಬಹುದು. ಹಿಂದೂ ಮುಸ್ಲಿಮ್ ಎನ್ನದೆ ಎಲ್ಲ ಅವಿಭಕ್ತ ವಾಸದ ಮನೆಗಳಿಗೂ ಅದು ಅನ್ವಯ. ಹಳೆಯ ಪಡಸಾಲೆಗಳು ಎಷ್ಟೋ ಈ ಕಲಮಿನ ನೆರಳಿನಲ್ಲಿ ಉಳಿದುಕೊಂಡವು. ಕೊಳ್ಳಲು ದುಡ್ಡಿದ್ದವರಿಗೆ ಮಾತ್ರ ಎಂಬುದು ಬೇರೆ ಮಾತು.

ಪೇಟೆಯ ಮನೆಗಳಿಗೆ ಇನ್ನೊಂದು ಪೆಟ್ಟು ಬಾಡಿಗೆಯಿಂದ ಬಂತು. ಮುಂದಿನ ಖೋಲಿಯನ್ನು ಅಂಗಡಿಗೆ ಕೊಟ್ಟು ಆ ಬಾಡಿಗೆಯಲ್ಲಿ ಬದುಕುವುದು ಪೇಟೆಯ ವಿಧವೆಯರ ಹಳೆಯ ದಾರಿ. ಮುಂಬಯಿಯ 1947ರ ಬಾಡಿಗೆ ಕಾಯಿದೆ, ಆಮೇಲೆ ಮೈಸೂರು ರಾಜ್ಯದ 1961ರ ಕಾಯಿದೆ ಬಾಡಿಗೆದಾರನನ್ನು ರಕ್ಷಿಸಿದವು. ಯುದ್ಧಾನಂತರದ ತಂಗಾಲದಲ್ಲಿ ಅದು ನ್ಯಾಯವೇ. ಆದರೆ ದಶಕಗಳು ಕಳೆದಂತೆ ಬಾಡಿಗೆ ನಿಂತಲ್ಲೇ ನಿಂತಿತು, ಅಕ್ಕಿಯ ಬೆಲೆ ನಿಲ್ಲಲಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಕೊನೆಯ ದಿನ ಜಾರಿಗೆ ಬಂದಾಗ ವಿಧವೆಯರು, ಅಂಗವಿಕಲರು, ವೃದ್ಧರಿಗೆ ತಮ್ಮ ಜಾಗವನ್ನು ಬೇಗ ಮರಳಿ ಪಡೆಯಲು ಪ್ರತ್ಯೇಕ ಅವಕಾಶ ಸಿಕ್ಕಿತು. ಅಷ್ಟು ಹೊತ್ತಿಗೆ ಎಷ್ಟೋ ಮನೆಗಳು ಬಾಡಿಗೆದಾರನಿಗೋ ಕಟ್ಟಡ ವ್ಯಾಪಾರಿಗೋ ಬಂದ ಬೆಲೆಗೆ ಹೋಗಿಯಾಗಿತ್ತು.

2019ರ ಮಳೆ

ಖಾನಾಪುರದ ಕಡೆ ಮನೆ ಚಿಕ್ಕದಾದ ಕತೆಗೆ ಮಳೆಯೂ ಒಂದು ಕಾರಣ. 2019ರ ಆಗಸ್ಟಿನ ಮಳೆಯಲ್ಲಿ ಬೆಳಗಾವಿ ಜಿಲ್ಲೆಯಾದ್ಯಂತ ಮಣ್ಣಿನ ಗೋಡೆಯ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ತಳಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ ಹಣ ಬಿಡುಗಡೆ. ಐದು ಲಕ್ಷದಲ್ಲಿ ಹಿಂದಿನ ಪಡಸಾಲೆ, ಮಾಳಿಗೆ, ಕೊಟ್ಟಿಗೆ ಏಳುವುದಿಲ್ಲ. ಎದ್ದದ್ದು ಎರಡು ಕೋಣೆಯ ಸ್ಲ್ಯಾಬ್ ಮನೆ. ಆ ಹಣ ಯಾರ ಹೆಸರಿಗೆ ಎಂಬ ಪ್ರಶ್ನೆ ಎದ್ದಾಗಲೂ ಗೊತ್ತಾದದ್ದು ಹಳೆಯ ಸಂಗತಿಯೇ. ಪಂಚಾಯತಿಯ ದಾಖಲೆಯಲ್ಲಿ ಎಂದೋ ತೀರಿಹೋದ ಅಜ್ಜನ ಹೆಸರು ಇದ್ದರೆ, ಒಳಗೆ ಬದುಕುತ್ತಿರುವ ಮುದುಕಿಗೆ ಕಾಗದದ ಮೇಲೆ ಮನೆಯೇ ಇಲ್ಲ.

2025ರ ಮೇ ತಿಂಗಳಲ್ಲಿ ಇನ್ನೊಂದು ಬಗೆಯ ಸ್ಥಳಾಂತರ ನಡೆಯಿತು. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮದೊಳಗಿನ ತಳೇವಾಡಿಯ 27 ಕುಟುಂಬಗಳು ತಲಾ 15 ಲಕ್ಷ ರೂಪಾಯಿ ಪರಿಹಾರಕ್ಕೆ ಒಪ್ಪಿ ಕಾಡಿನ ಹೊರಗೆ ಬರಲು ಮುಂದಾದವು. ರಸ್ತೆ, ಆಸ್ಪತ್ರೆ, ಶಾಲೆ ಸಿಗಬೇಕೆಂಬ ಕಿರಿಯರ ಆಸೆ ಸಹಜ. ದನ, ಗದ್ದೆ, ಹಿತ್ತಲು ಬಿಟ್ಟು ಬರುವ ಹಿರಿಯರ ಲೆಕ್ಕವನ್ನು ಚೆಕ್ಕಿನ ಮೇಲೆ ಬರೆಯುವುದು ಮಾತ್ರ ಕಷ್ಟ.

ಕೊಟ್ಟ ಮೇಲೆ

2011ರ ಜನಗಣತಿಯಂತೆ ಕರ್ನಾಟಕದ ಜನರಲ್ಲಿ ಶೇ. 9.5ರಷ್ಟು ಮಂದಿ ಅರವತ್ತು ದಾಟಿದವರು. ಇವರ ಸಲುವಾಗಿ ಸಂಸತ್ತು 2007ರಲ್ಲಿ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ ಮಾಡಿತು. ಅದರ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಶರತ್ತಿನ ಮೇಲೆ ಹಿರಿಯರು ಆಸ್ತಿ ವರ್ಗಾಯಿಸಿ, ಪಡೆದವನು ನೋಡಿಕೊಳ್ಳದೇ ಹೋದರೆ ಆ ವರ್ಗಾವಣೆಯನ್ನು ರದ್ದುಪಡಿಸಬಹುದು. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಕೊಟ್ಟರೆ ಸಾಕು, ವಕೀಲರೂ ಬೇಕಾಗಿಲ್ಲ.

ಇಲ್ಲಿ ಶರತ್ತು ಎಂಬ ಪದವೇ ಮುಖ್ಯ. ದಾನಪತ್ರದಲ್ಲಿ 'ಪ್ರೀತಿವಿಶ್ವಾಸದಿಂದ ಕೊಟ್ಟಿದ್ದೇನೆ' ಎಂದಷ್ಟೇ ಇದ್ದರೆ ಪ್ರೀತಿ ಮಾತ್ರ ಸಾಬೀತಾಗುತ್ತದೆ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಶರತ್ತು ಇತ್ತೆಂಬುದನ್ನು ತೋರಿಸಲೇಬೇಕು ಎಂದಿತು. 2025ರ ಜನವರಿಯಲ್ಲಿ ಇನ್ನೊಂದು ತೀರ್ಪಿನಲ್ಲಿ, ಮಗನಿಗೆ ಮನೆ ಕೊಟ್ಟು ಕೈಬಿಡಲ್ಪಟ್ಟ ತಾಯಿಯ ಪರವಾಗಿ ದಾನಪತ್ರವನ್ನು ರದ್ದು ಮಾಡಿ ಸ್ವಾಧೀನವನ್ನೂ ಮರಳಿಸಿತು, ಕಾಯಿದೆಯನ್ನು ಉದಾರವಾಗಿ ಓದಬೇಕು ಎಂದಿತು. ಹಿರಿಯರ ಹಕ್ಕು ಇನ್ನೊಬ್ಬ ಹೆಣ್ಣಿನ ತಲೆಯ ಮೇಲೆ ಬೀಳಬಾರದು ಎಂಬುದನ್ನೂ ನ್ಯಾಯಾಲಯ ಮರೆತಿಲ್ಲ. ಬೆಂಗಳೂರಿನ ಪ್ರಕರಣವೊಂದರಲ್ಲಿ 2020ರಲ್ಲಿ ಅದೇ ಕೋರ್ಟು, ಸೊಸೆಗೆ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ಇರುವ ವಾಸದ ಹಕ್ಕನ್ನು ಈ ಕಾಯಿದೆಯ ನೆಪದಲ್ಲಿ ಕಿತ್ತುಕೊಳ್ಳುವಂತಿಲ್ಲ ಎಂದು ಹೇಳಿತ್ತು.

ಮುಸ್ಲಿಮ್ ಕುಟುಂಬಗಳಿಗೆ ಇಲ್ಲಿ ಇನ್ನೊಂದು ಗಂಟು ಇದೆ. ಹಿಬಾಕ್ಕೆ ನೋಂದಣಿ ಕಡ್ಡಾಯವಲ್ಲ, ಬಾಯಿಮಾತೂ ಸಾಕು. ಬರವಣಿಗೆಯಲ್ಲಿದ್ದ ಮಾತ್ರಕ್ಕೆ ನೋಂದಾಯಿಸಬೇಕಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹಫೀಜಾ ಬೀಬಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇದು ನಮ್ಮ ಬಡವರಿಗೆ ಅನುಕೂಲ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ನಾಲ್ಕು ಜನರ ಮುಂದೆ ಬಾಯಲ್ಲಿ ಕೊಟ್ಟ ಹಿಬಾದಲ್ಲಿ ಶರತ್ತು ಇತ್ತೇ ಎಂದು ಹತ್ತು ವರ್ಷಗಳ ನಂತರ ಯಾರು ಹೇಳಬೇಕು? ಆ ನಾಲ್ವರಲ್ಲಿ ಇಬ್ಬರು ತೀರಿಕೊಂಡಿರುತ್ತಾರೆ, ಒಬ್ಬ ಮಗನ ಭಾವಮೈದುನ ಆಗಿರುತ್ತಾನೆ. ಅಲ್ಲದೆ ಫಿಕ್‌ಹ್‌ನ ನಿಯಮದಲ್ಲಿ ಹಿಬಾಕ್ಕೆ ಕಟ್ಟಿದ ಶರತ್ತು ಎಷ್ಟೋ ಬಾರಿ ತಾನಾಗಿ ಬಿದ್ದುಹೋಗುತ್ತದೆ ಎಂಬುದನ್ನು ಮೇಲೆ ನೋಡಿದೆವು. ಸಂಸತ್ತಿನ ಕಾಯಿದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ ನಿಜ. ಅದರ ಲಾಭ ಸಿಗುವುದು ಮಾತ್ರ ಕಾಗದ ಇದ್ದವರಿಗೆ.

ಬನೀ ಇಸ್ರಾಈಲ್ ಅಧ್ಯಾಯದ 23 ಮತ್ತು 24ನೇ ಸೂಕ್ತಗಳನ್ನು ನಮ್ಮ ಪ್ರವಚನಕಾರರು ಬಹಳ ಸಲ ಉದ್ಧರಿಸುತ್ತಾರೆ. ತಂದೆತಾಯಿಗೆ ಬೇಸರದ ಒಂದು ಉದ್ಗಾರವನ್ನೂ ಆಡಬಾರದೆಂಬ ಆದೇಶ ಅಲ್ಲಿದೆ. ಆ ಸೂಕ್ತ ಕಾಣುವ ದೃಶ್ಯದಲ್ಲಿ ಹಿರಿಯರು ಮಕ್ಕಳ ಬಳಿಯಲ್ಲಿಯೇ ಇದ್ದಾರೆ. ಅದೇ ಪ್ರವಚನದಲ್ಲಿ ನುಅಮಾನ್ ಬಿನ್ ಬಶೀರ್(ರ) ವರದಿ ಮಾಡಿದ ಘಟನೆಯೂ ಬಂದರೆ ಒಳ್ಳೆಯದಿತ್ತು. ತಂದೆ ಒಬ್ಬ ಮಗನಿಗೆ ದಾನ ಕೊಟ್ಟು ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಲು ಕೇಳಿದಾಗ, ಎಲ್ಲ ಮಕ್ಕಳಿಗೂ ಹಾಗೆಯೇ ಕೊಟ್ಟಿದ್ದೀಯಾ ಎಂದು ಅವರು ವಿಚಾರಿಸಿದರು, ಇಲ್ಲವೆಂದಾಗ ಸಾಕ್ಷಿಯಾಗಲು ಒಪ್ಪಲಿಲ್ಲ. ದೊಡ್ಡ ಮನೆಯನ್ನು ಒಬ್ಬ ಮಗನಿಗೆ ಬರೆದುಕೊಟ್ಟು ಉಳಿದವರ ಮನಸ್ಸು ಮುರಿದ ಹಿರಿಯರಿಗೆ, ಆ ಒಬ್ಬ ಮಗ ಕೈಬಿಟ್ಟಾಗ ಉಳಿದವರ ಬಾಗಿಲು ತಟ್ಟಲು ಮುಖವಿರುವುದಿಲ್ಲ. ವಸಿಯ್ಯತ್ತಿಗೆ ಮೂರನೇ ಒಂದರ ಮಿತಿ ಇಟ್ಟದ್ದು, ವಾರಸುದಾರನಿಗೆ ವಸಿಯ್ಯತ್ ಮಾಡಬೇಕಾದರೆ ಉಳಿದವರ ಒಪ್ಪಿಗೆ ಬೇಕೆಂದದ್ದು ಇದೇ ಕಾರಣಕ್ಕೆ.

ಹಾಗಾದರೆ ಖಾನಾಪುರದ ಮನೆ ಮಾರಿ ಬೆಳಗಾವಿಗೆ ಬರುವ ದಂಪತಿ ಏನು ಮಾಡಬೇಕು? ಸುಲಭದ ಉತ್ತರ, ಹೊಸ ಮನೆಯನ್ನು ತಮ್ಮ ಹೆಸರಿನಲ್ಲಿಯೇ ಇಟ್ಟುಕೊಳ್ಳುವುದು. ತೀರಿಕೊಂಡ ಮೇಲೆ ಅಲ್ಲಾಹನು ಗೊತ್ತುಪಡಿಸಿದ ಪಾಲು ಹೇಗೂ ಎಲ್ಲರಿಗೂ ತಲುಪುತ್ತದೆ, ಅವಸರವೇನು? ಮಗ ಸಾಲ ಮಾಡಿ ಅರ್ಧ ದುಡ್ಡು ಹಾಕಿದ್ದರೆ ಇಬ್ಬರ ಹೆಸರಿನಲ್ಲಿ, ಯಾರದ್ದು ಎಷ್ಟು ಎಂದು ಬರೆದು. ಕೊಟ್ಟೇ ತೀರಬೇಕೆಂದಿದ್ದರೆ ನೋಂದಾಯಿತ ಪತ್ರದಲ್ಲಿ ಕೊಡಲಿ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿಯೂ ಇದೆ. ಒಡೆತನ ಮಕ್ಕಳಿಗೆ, ವಾಸ ಮತ್ತು ಬಾಡಿಗೆಯ ಹಕ್ಕು ಜೀವ ಇರುವವರೆಗೆ ತಮಗೆ ಎಂದು ಒಬ್ಬ ಆಲಿಮ್ ಮತ್ತು ಒಬ್ಬ ವಕೀಲ ಇಬ್ಬರನ್ನೂ ಕೂರಿಸಿಕೊಂಡು ಬರೆಸಲಿ, ನೋಡಿಕೊಳ್ಳುವ ಶರತ್ತನ್ನು ಅಕ್ಷರದಲ್ಲಿ ಸೇರಿಸಲಿ.

ಇಂಥ ಪತ್ರ ಬರೆಸುವವರು ಸಾಮಾನ್ಯವಾಗಿ ಒಂದು ಕಡೆ ಎಡವುತ್ತಾರೆ. ಮನೆ ಗಂಡನ ಹೆಸರಿನಲ್ಲಿ ಇರುವುದರಿಂದ ವಾಸದ ಹಕ್ಕನ್ನೂ ಅವನೊಬ್ಬನ ಜೀವಮಾನಕ್ಕೆ ಬರೆಯುತ್ತಾರೆ. ಅವನು ತೀರಿಕೊಂಡ ದಿನ ಆ ಹಕ್ಕು ಮುಗಿಯುತ್ತದೆ, ಒಡೆತನ ಮೊದಲೇ ಮಗನಿಗೆ ಹೋಗಿರುವುದರಿಂದ ಹೆಂಡತಿಗೆ ಬರಬೇಕಾದ ಎಂಟನೇ ಒಂದೂ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಹೆಂಡತಿ ಗಂಡನಿಗಿಂತ ಚಿಕ್ಕವಳು, ಅವನ ನಂತರ ಹತ್ತು ಹದಿನೈದು ವರ್ಷ ಬದುಕುವವಳು. ಪತ್ರದಲ್ಲಿ ಅವಳ ಹೆಸರೂ ಇರಬೇಕು, 'ನಮ್ಮಿಬ್ಬರಲ್ಲಿ ಕೊನೆಯವರು ಇರುವವರೆಗೆ' ಎಂಬ ಮಾತೂ ಇರಬೇಕು.